ಕರ್ ಕರ್‌ಗೆ ಬರಬೇಕಿದ್ದ ಬಾಕಿ

ಹೋದ ತಿಂಗಳ ಕೊನೆಯ ಭಾನುವಾರ ಪುಣೆಯಲ್ಲಿ ಗೆಳೆಯರೊಬ್ಬರ ಮನೆಯಲ್ಲಿ ಎಂಟು ಜನ ಕೂತು ಒಂದು ಸಾಕ್ಷ್ಯಚಿತ್ರ ನೋಡಿದೆವು. ತಿಂಗಳಿಗೊಮ್ಮೆ ಹೀಗೆ ಸೇರುವುದು ನಮ್ಮ ರೂಢಿ. ಒಬ್ಬರು ಅವಲಕ್ಕಿ ತರುತ್ತಾರೆ, ಇನ್ನೊಬ್ಬರು ಸಿನಿಮಾ. ಅವತ್ತಿನದು ಜಾಕ್ ಸಾರಾಸಿನ್ 2001ರಲ್ಲಿ ಮಾಡಿದ ಫ್ರೆಂಚ್ ಚಿತ್ರ, ‘ನಿನಗಾಗಿ ಹಾಡುವೆ’ ಅನ್ನುವ ಅರ್ಥದ ಹೆಸರಿನದು. ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಗಿಟಾರ್ ವಾದಕ, ಗಾಯಕ ಬೂಬಕರ್ ತ್ರವೊರೆ ಅವರ ಕುರಿತಾದದ್ದು. ಊರವರು ಅವರನ್ನು ಕರೆಯುವುದು ‘ಕರ್ ಕರ್’ ಅಂತ. ಹುಡುಗರಾಗಿದ್ದಾಗ ಫುಟ್‌ಬಾಲ್ ಮೈದಾನದಲ್ಲಿ ಚೆಂಡನ್ನು ಆಡಿಸುವ ಕೈಚಳಕ, ಅಲ್ಲ ಕಾಲ್ಚಳಕ, ನೋಡಿ ಜನ ಇಟ್ಟ ಹೆಸರಂತೆ.

ಚಿತ್ರ ಮುಗಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬರು ಅಂದರು: “ನೋಡ್ರಿ, ಪ್ರತಿಭೆ ಇದ್ದರೆ ಜಗತ್ತು ಒಂದಲ್ಲ ಒಂದು ದಿನ ಕಂಡುಹಿಡಿದೇ ಹಿಡೀತದ.” ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮನೆಗೆ ಬರುವಾಗ ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಈ ಬರಹ ಆ ಮಾತಿನ ಮೇಲೆ ನನ್ನ ತಕರಾರು. ಅವತ್ತು ತಲೆಯಾಡಿಸಿದ ನನ್ನ ಮೇಲೂ ತಕರಾರು.

ಮೊದಲು ಕಥೆ. ಎಲ್ಲ ಕಡೆ ಹೇಳುವ ರೀತಿಯಲ್ಲೇ ಹೇಳಿಬಿಡುತ್ತೇನೆ.

ಕರ್ ಕರ್ ಹುಟ್ಟಿದ್ದು 1942ರಲ್ಲಿ, ಮಾಲಿಯ ಪಶ್ಚಿಮದ ಅಂಚಿನ ಕಾಯ್ ಎಂಬ ಊರಿನಲ್ಲಿ. ಸೆನೆಗಲ್ ನದಿಯ ದಡದ ಊರು. ಡಾಕರ್‌ನಿಂದ ಬಮಾಕೊಗೆ ಹಾಕಿದ ರೈಲು ಮಾರ್ಗದ ಮೇಲಿದೆ. ಬಿಸಿಲಿಗೆ ಹೆಸರಾದ ಊರು, ನಮ್ಮ ರಾಯಚೂರು ಕಲಬುರಗಿಯವರಿಗೆ ಬೇರೆ ವಿವರಣೆ ಬೇಡ. ಅಣ್ಣನ ಗಿಟಾರನ್ನು ಅಣ್ಣ ಇಲ್ಲದಾಗ ಎತ್ತಿಕೊಂಡು ಕಲಿತರು. ಆ ಸೀಮೆಯ ಖಸೊಂಕೆ ಹಾಡುಗಾರಿಕೆಯ ಧಾಟಿ, ಸೋರೆಬುರುಡೆಯ ಮೇಲೆ 21 ತಂತಿ ಬಿಗಿದ ಕೋರಾ ವಾದ್ಯದ ನುಡಿ, ಎರಡೂ ಅವರ ಆರು ತಂತಿಯ ಗಿಟಾರಿಗೆ ಇಳಿದವು.

1960ರ ಸೆಪ್ಟೆಂಬರಿನಲ್ಲಿ ಮಾಲಿ ಫ್ರೆಂಚರಿಂದ ಸ್ವತಂತ್ರವಾಯಿತು. 1963ರ ಸುಮಾರಿಗೆ ಇಪ್ಪತ್ತೊಂದರ ಹುಡುಗನ ‘ಮಾಲಿ ಟ್ವಿಸ್ಟ್’ ಮಾಲಿ ರೇಡಿಯೊದಲ್ಲಿ ಮೊಳಗಿತು. ಹೊರಗೆ ಹೋದ ಮಕ್ಕಳೇ ಮರಳಿ ಬನ್ನಿ, ಹೊಸ ದೇಶ ಕಟ್ಟೋಣ ಎಂಬುದು ಅದರ ತಾತ್ಪರ್ಯ. ದೇಶ ಬೆಳಗ್ಗೆ ಎದ್ದದ್ದು ಆ ಹಾಡು ಕೇಳಿಕೊಂಡು, ಸಂಜೆ ಕುಣಿದದ್ದೂ ಅದಕ್ಕೇ. ಆ ಕಾಲದ ಬಮಾಕೊದ ಹುಡುಗ ಹುಡುಗಿಯರು ಟ್ವಿಸ್ಟ್ ಕುಣಿಯುವ ಕಪ್ಪು ಬಿಳುಪು ಫೋಟೊಗಳನ್ನು ನೀವು ನೋಡಿರಬಹುದು, ಮಾಲಿಕ್ ಸಿದಿಬೆ ತೆಗೆದವು. ಸಿದಿಬೆ ಈ ಚಿತ್ರದಲ್ಲೂ ಇದ್ದಾರೆ.

1968ರಲ್ಲಿ ಸೈನ್ಯ ಅಧ್ಯಕ್ಷ ಮೋದಿಬೊ ಕೇಯ್ತಾ ಅವರನ್ನು ಇಳಿಸಿತು. ಅವರ ಕಾಲವನ್ನು ನೆನಪಿಸುವ ಹಾಡುಗಳಿಗೆ ಹೊಸ ಸರಕಾರದಲ್ಲಿ ಜಾಗ ಇರಲಿಲ್ಲ. ಕರ್ ಕರ್ ದರ್ಜಿಯಾದರು, ಅಂಗಡಿ ಇಟ್ಟರು, ಕೃಷಿ ಇಲಾಖೆಯ ಕೆಲಸ ಮಾಡಿದರು. 1987ರಲ್ಲಿ ಟಿವಿಯಲ್ಲಿ ಕಾಣಿಸಿಕೊಂಡಾಗ, ಸತ್ತೇಹೋಗಿದ್ದಾರೆ ಅಂದುಕೊಂಡಿದ್ದ ಜನ ಬೆರಗಾದರು. ಅದಾದ ಸ್ವಲ್ಪ ಕಾಲಕ್ಕೆ ಹೆಂಡತಿ ಪಿಯೆರೆತ್ ತೀರಿಕೊಂಡರು. ಮನೆ ನಡೆಯಬೇಕಲ್ಲ, ಕರ್ ಕರ್ ಪ್ಯಾರಿಸ್ಸಿಗೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರಿದರು, ವಲಸೆ ಕೂಲಿಗಳ ಹಾಸ್ಟೆಲಿನಲ್ಲಿ ಉಳಿದರು. ಅಲ್ಲಿ ಬ್ರಿಟನ್ನಿನ ನಿರ್ಮಾಪಕರೊಬ್ಬರು ಅವರನ್ನು ಹುಡುಕಿಕೊಂಡು ಬಂದರು. 1990ರಲ್ಲಿ ‘ಮರಿಯಾಮ’ ಎಂಬ ಮೊದಲ ಆಲ್ಬಮ್ ಹೊರಬಂತು. ಆಮೇಲೆ ಯೂರೋಪು, ಅಮೆರಿಕ, ವೇದಿಕೆ, ಚಪ್ಪಾಳೆ. 1996ರಲ್ಲಿ ಬೆಲ್ಜಿಯಂನ ಲೇಖಕಿ ಲೀವ್ ಯೋರಿಸ್ ತಮ್ಮ ‘ಮಾಲಿ ಬ್ಲೂಸ್’ ಪುಸ್ತಕದಲ್ಲಿ ಅವರ ಬಗ್ಗೆ ಬರೆದರು. 2001ರಲ್ಲಿ ಈ ಚಿತ್ರ.

ಇಷ್ಟು ಹೇಳಿ ಎಲ್ಲರೂ ಒಂದು ಪದ ಹಚ್ಚುತ್ತಾರೆ: ಮರುಶೋಧ. ಕಳೆದುಹೋಗಿದ್ದ ಕಲಾವಿದನ ಮರುಶೋಧ.

ನನ್ನ ಜಗಳ ಶುರುವಾಗುವುದು ಇಲ್ಲಿ. ಕಳೆದುಹೋಗಿದ್ದು ಯಾರಿಗೆ? ಮಾಲಿಯವರಿಗೆ ಅವರು ಕಳೆದೇ ಹೋಗಿರಲಿಲ್ಲ. 63ರಲ್ಲಿ ಕುಣಿದವರಿಗೆ ಹಾಡು ಬಾಯಿಪಾಠ ಇತ್ತು. ಕಾಯ್ ಊರಿನಲ್ಲಿ ಅವರ ಅಂಗಡಿಗೆ ಹೋಗಿ ಸಾಮಾನು ಕೊಂಡವರಿಗೆ ಗಲ್ಲೆಯ ಹಿಂದೆ ಕೂತವರು ಯಾರೆಂದು ಗೊತ್ತಿತ್ತು. ಇನ್ನು ಲಂಡನ್ನಿನವರಿಗೆ ಮೊದಲು ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದನ್ನು ಮರೆಯುವುದು ಹೇಗೆ, ಮತ್ತೆ ಹುಡುಕುವುದು ಹೇಗೆ? ಒಂದು ಕಡೆ ಮರೆವಿಲ್ಲ, ಇನ್ನೊಂದು ಕಡೆ ಮೊದಲಿನ ಪರಿಚಯವಿಲ್ಲ. ಮರುಶೋಧ ಅನ್ನುವ ಪದ ಎರಡು ಕಡೆಗೂ ಹೊಂದುವುದಿಲ್ಲ. ಆದರೂ ಅದು ಯಾಕೆ ಇಷ್ಟು ಚಲಾವಣೆಯಲ್ಲಿದೆ? ಅದು ಒಂದು ಹಳೆಯ ಸಾಲವನ್ನು ಚೆನ್ನಾಗಿ ಮುಚ್ಚುತ್ತದೆ, ಅದಕ್ಕೆ.

ಸಾಲ ಅಂದರೆ ಸಾಲವೇ. ಬೆಳಗಿನ ರೇಡಿಯೊದಲ್ಲಿ ಅವರ ದನಿ ಇತ್ತು, ಅವರ ಕೈಗೆ ಕಾಸು ಬರಲಿಲ್ಲ. ಆ ಹಾಡುಗಳು ರೇಡಿಯೊ ನಿಲಯದ ಟೇಪಿನಲ್ಲಿದ್ದವು, ಅವು ಡಿಸ್ಕ್ ಆಗಿ ಮಾರಾಟಕ್ಕೆ ಬರಲಿಲ್ಲ. ಮಾರಾಟವಿಲ್ಲ ಅಂದಮೇಲೆ ಪಾಲಿಲ್ಲ. ಪ್ರಸಾರಕ್ಕೆ ಸಂಭಾವನೆ ಕೊಡುವ ವ್ಯವಸ್ಥೆ ಇಲ್ಲ. ಹೆಂಡತಿ ಮಕ್ಕಳಿದ್ದ ಮನುಷ್ಯ ಹೊಲಿಗೆ ಯಂತ್ರದ ಮುಂದೆ ಕೂತರು. ಈ ಭಾಗವನ್ನು ನಾವು ‘ಆಮೇಲೆ ಅವರು ಅಜ್ಞಾತರಾದರು’ ಎಂದು ಕರ್ತರಿಯಲ್ಲಿ ಬರೆಯುತ್ತೇವೆ, ತಾವಾಗಿ ಕಾಡಿಗೆ ಹೋದವರ ಹಾಗೆ. ‘ಅವರಿಗೆ ಯಾರೂ ಹಣ ಕೊಡಲಿಲ್ಲ’ ಎಂದು ಬರೆದು ನೋಡಿ. ಅದೇ ಕಥೆ, ಆದರೆ ಕೇಳುವವನು ಕುರ್ಚಿಯಲ್ಲಿ ಸ್ವಲ್ಪ ಸರಿದು ಕೂರುತ್ತಾನೆ.

ಇಲ್ಲಿ ಆಫ್ರಿಕಾದ ಒಂದು ವಿಷಯ ತಿಳಿದಿರಬೇಕು. ಮಾಲಿಯಲ್ಲಿ ಹಾಡುವುದು, ವಂಶಾವಳಿ ಹೇಳುವುದು, ಹೊಗಳುವುದು ಜೆಲಿಗಳೆಂಬ ಕುಲದವರ ವೃತ್ತಿ. ಫ್ರೆಂಚರು ಅವರನ್ನೇ ಗ್ರಿಯೊ ಎಂದರು. ನಮ್ಮ ಹೆಳವರು ಎತ್ತಿನ ಮೇಲೆ ಊರಿಗೆ ಬಂದು, ಜಗಲಿಯಲ್ಲಿ ಕೂತು, ಮುತ್ತಜ್ಜನಿಂದ ಹಿಡಿದು ಮನೆತನ ಹೇಳಿ, ಕಾಳು ಬಟ್ಟೆ ದಕ್ಷಿಣೆ ಪಡೆದು ಹೋಗುತ್ತಿದ್ದುದನ್ನು ನೆನೆಸಿಕೊಂಡರೆ ನಿಮಗೆ ಅರ್ಥವಾಗುತ್ತದೆ. ಜೆಲಿಗೆ ಕೊಡುವುದು ಮದುವೆ ಮನೆಯಲ್ಲಿ, ನಾಮಕರಣದಲ್ಲಿ, ಎಲ್ಲರೆದುರು, ಅಲ್ಲೇ, ಆಗಲೇ. ಕೊಡದಿದ್ದರೆ ಮಾನ ಹೋಗುವುದು ಕೊಡದವನದು. ಆ ಪದ್ಧತಿಯಲ್ಲಿ ನೂರು ದೋಷ ಇರಬಹುದು. ಹುಟ್ಟಿನ ಮೇಲೆ ವೃತ್ತಿ ಕಟ್ಟಿಹಾಕುವ ಯಾವ ಪದ್ಧತಿಯನ್ನೂ ನಾನು ಹೊಗಳಲಾರೆ. ಆದರೆ ಒಂದು ಮಾತು ನಿಜ: ಅಲ್ಲಿ ಹಾಡು ಕೇಳಿದವನು ಕೈ ಬೀಸಿಕೊಂಡು ಎದ್ದು ಹೋಗುವಂತಿರಲಿಲ್ಲ.

ಕರ್ ಕರ್ ಜೆಲಿ ಕುಲದವರಲ್ಲ. ಹಳೆಯ ಪದ್ಧತಿಯ ಜಗಲಿ ಅವರಿಗಿರಲಿಲ್ಲ. ಅವರು ಹೊಸ ಕಾಲದ ಗಾಯಕ: ಗಿಟಾರು, ರೇಡಿಯೊ, ಸ್ವತಂತ್ರ ದೇಶ. ಕುಲ ಕೇಳದೆ ಯಾರು ಬೇಕಾದರೂ ಹಾಡಬಹುದು ಎಂದು ಹೊಸ ಕಾಲ ಬಾಗಿಲು ತೆರೆಯಿತು, ಅದು ದೊಡ್ಡದೇ. ಆದರೆ ಒಳಗೆ ಕರೆದು, ಹಾಡಿಸಿಕೊಂಡು, ಊಟ ಹಾಕದೆ ಕಳಿಸಿತು. ಕೇಳುಗರು ಹಳ್ಳಿಯ ಇನ್ನೂರು ಜನರಿಂದ ಇಡೀ ದೇಶಕ್ಕೆ ಬೆಳೆದರು. ಕೊಡುವ ಹೊಣೆ ಮಾತ್ರ ಯಾರ ತಲೆಯ ಮೇಲೂ ಉಳಿಯಲಿಲ್ಲ. ಎಲ್ಲರೂ ಕೇಳುವ ಹಾಡಿಗೆ ಯಾರೂ ಕೊಡಬೇಕಿಲ್ಲ ಎಂಬ ನಿಯಮ ಅಲ್ಲಿ ಹುಟ್ಟಿತು. ಇವತ್ತು ನಮ್ಮ ಮೊಬೈಲಿನಲ್ಲಿ ಬೆಳೆಯುತ್ತಿರುವುದು ಅದೇ ಗಿಡ.

ನನ್ನ ಗೆಳೆಯರು ಮೂರು ಆಕ್ಷೇಪ ಎತ್ತಿದರು. ಮೂರಕ್ಕೂ ಉತ್ತರ ಹೇಳಬೇಕು.

ಒಂದು: ಆಗಷ್ಟೇ ಹುಟ್ಟಿದ ಬಡ ದೇಶ, ಎಲ್ಲಿಂದ ಕೊಟ್ಟೀತು? ಒಪ್ಪೋಣ. ಆದರೆ ಆ ರೇಡಿಯೊ ನಿಲಯದಲ್ಲಿ ಉದ್ಘೋಷಕನಿಗೆ ಸಂಬಳ ಇತ್ತಲ್ಲ? ಯಂತ್ರ ನೋಡಿಕೊಳ್ಳುವವನಿಗೆ, ಬಾಗಿಲು ಕಾಯುವವನಿಗೆ, ಕರೆಂಟಿಗೆ? ಬಡತನ ಹಾಡುಗಾರನ ಸರದಿ ಬಂದಾಗ ಮಾತ್ರ ನೆನಪಾದರೆ ಅದಕ್ಕೆ ಬಡತನ ಅನ್ನುವುದು ಕಷ್ಟ. ಜನ ರೇಡಿಯೊ ತಿರುಗಿಸಿದ್ದು ಬಾಗಿಲು ಕಾಯುವವನಿಗಾಗಿ ಅಲ್ಲ.

ಎರಡು: ಅಷ್ಟೊಂದು ನೋವು ತಿಂದದ್ದಕ್ಕೇ ಆ ದನಿಗೆ ಆ ಆಳ ಬಂತು. ಇದು ಕೇಳಲು ಚೆಂದ, ಮತ್ತು ಬಹಳ ಕ್ರೂರ. ಲೆಕ್ಕ ಹಾಕಿ. 1963ರಿಂದ 1990ರವರೆಗೆ 27 ವರ್ಷ, ಆಲ್ಬಮ್ ಒಂದೂ ಇಲ್ಲ. 1990ರಿಂದ 2017ರವರೆಗೆ ಮತ್ತೊಂದು 27 ವರ್ಷ: ‘ಮರಿಯಾಮ’, ‘ಕರ್ ಕರ್’, ‘ಸಾ ಗೋಲೊ’, ‘ಮಾಸಿರೆ’, ‘ಕೊಂಗೊ ಮಾಗ್ನಿ’, ‘ಮಾಲಿ ದೆನ್ಹೂ’, ‘ಎಂಬಾಲಿಮಾವು’, ‘ದುನಿಯಾ ತಬೋಲೊ’. ಕೊನೆಯದರ ದುನಿಯಾ ನಮ್ಮ ದುನಿಯಾವೇ, ಅರಬ್ಬಿಯಿಂದ ಅಲ್ಲಿಗೂ ಹೋದ ಮಾತು, ಇಲ್ಲಿಗೂ ಬಂದ ಮಾತು. ಐವತ್ತರ ಹತ್ತಿರ ಬಂದ ಮೇಲೆ ಶುರುಮಾಡಿದ ಮನುಷ್ಯ ಎಪ್ಪತ್ತೈದರ ಹೊತ್ತಿಗೆ ಇಷ್ಟೆಲ್ಲ ಆಲ್ಬಮ್ ಕೊಟ್ಟರು. ನೋವೇ ಹಾಡು ಹುಟ್ಟಿಸುವುದಾದರೆ ಮೊದಲ 27 ವರ್ಷದ ಬೆಳೆ ಎಲ್ಲಿ? ಗಳಿಕೆ ಇದ್ದಾಗ ಹಾಡು ಬಂತು, ಗಳಿಕೆ ಇಲ್ಲದಾಗ ಹಾಡು ನಿಂತಿತು. ಮೂವತ್ತರ ಕರ್ ಕರ್, ನಲವತ್ತರ ಕರ್ ಕರ್ ಹೇಗೆ ಹಾಡುತ್ತಿದ್ದರು ಎಂಬುದು ನಮಗೆ ಸಿಗದೇ ಹೋಯಿತು. ಅದನ್ನು ಯಾವ ಸಾಕ್ಷ್ಯಚಿತ್ರವೂ ಹುಡುಕಿ ತರಲಾರದು. ನಷ್ಟ ಅವರದಷ್ಟೇ ಅಲ್ಲ, ನಮ್ಮದೂ ಹೌದು.

ಮೂರು: ಹಾಗಾದರೆ ಹುಡುಕಿ ತಂದ ಬಿಳಿಯರದೇ ತಪ್ಪೇ? ಇಲ್ಲ. ಈ ಜಗಳವನ್ನು ಅತ್ತ ತಿರುಗಿಸುವುದು ಸುಲಭ, ಅದಕ್ಕೇ ನಾನು ತಿರುಗಿಸುವುದಿಲ್ಲ. ಲಂಡನ್ನಿನ ಕಂಪನಿ ಕನಿಷ್ಠ ಡಿಸ್ಕ್ ಮಾಡಿತು, ಮೇಲೆ ಅವರ ಹೆಸರು ಹಾಕಿತು. ಅವರದೇ ದೇಶದ ರೇಡಿಯೊ ಹಾಡು ಬಳಸಿಕೊಂಡಿತು. ತನ್ನವರು ಅನ್ನುವ ಸಲುಗೆಯಲ್ಲಿ ಕೊಡದೇ ಇರುವುದು, ಪರರು ಲಾಭಕ್ಕಾಗಿ ಕೊಡುವುದು, ಈ ಎರಡರ ನಡುವೆ ಕಲಾವಿದ ಯಾವುದನ್ನು ಆರಿಸಿಕೊಳ್ಳಬೇಕು ಎಂದು ನೀತಿ ಹೇಳುವ ಅಧಿಕಾರ ನನಗಿಲ್ಲ. ದೂರು ಇರುವುದು ಹುಡುಕಿದವರು ತಮ್ಮ ಹುಡುಕಾಟವನ್ನೇ ಕಥೆಯ ನಾಯಕನನ್ನಾಗಿ ಮಾಡಿಕೊಂಡಾಗ.

ಈ ಬಗೆಯ ಚಿತ್ರಗಳದ್ದೇ ಒಂದು ಸಾಲು ಇದೆ. ಹವಾನಾದ ಮುದುಕರ ಬಗ್ಗೆ ವಿಮ್ ವೆಂಡರ್ಸ್ 1999ರಲ್ಲಿ ಮಾಡಿದ್ದು ದಾರಿ ತೆರೆಯಿತು. 2012ರ ‘ಸರ್ಚಿಂಗ್ ಫಾರ್ ಶುಗರ್ ಮ್ಯಾನ್’ ಆಸ್ಕರ್ ಪಡೆಯಿತು: ಅಮೆರಿಕದಲ್ಲಿ ಯಾರೂ ಕೇಳದ ರೊಡ್ರಿಗೆಸ್ ಎಂಬ ಗಾಯಕ ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾಗಿದ್ದ, ಆತನಿಗೇ ಅದು ಗೊತ್ತಿರಲಿಲ್ಲ ಎಂಬ ಕಥೆ. ರೋಮಾಂಚನವೇ ಸರಿ. ಆದರೆ ಆತ 1979ರಲ್ಲಿ, 1981ರಲ್ಲಿ ಆಸ್ಟ್ರೇಲಿಯಾದಲ್ಲಿ ಕಛೇರಿ ಕೊಟ್ಟು ಬಂದಿದ್ದ ವಿಷಯವನ್ನು ಚಿತ್ರ ಬಿಟ್ಟುಬಿಟ್ಟಿತು. ಪೂರ್ತಿ ಕಳೆದುಹೋಗಿದ್ದರೆ ಮಾತ್ರ ಪೂರ್ತಿ ಹುಡುಕಿದಂತೆ ಆಗುತ್ತದಲ್ಲ. ದಕ್ಷಿಣ ಆಫ್ರಿಕಾದಲ್ಲಿ ಮಾರಾಟವಾದ ಡಿಸ್ಕುಗಳ ಹಣ ಎಲ್ಲಿ ಹೋಯಿತು ಎಂದು ಆ ಚಿತ್ರ ಕೇಳುತ್ತದೆ, ಅದನ್ನು ಮೆಚ್ಚಬೇಕು. ಉತ್ತರ ಸಿಗುವುದಿಲ್ಲ. ಅಷ್ಟರಲ್ಲಿ ಕೇಪ್‌ಟೌನಿನ ವೇದಿಕೆಯ ದೀಪ ಹತ್ತುತ್ತದೆ, ಜನ ಕಣ್ಣೊರೆಸಿಕೊಳ್ಳುತ್ತಾರೆ, ಪ್ರಶ್ನೆ ಕತ್ತಲಲ್ಲಿ ಉಳಿಯುತ್ತದೆ.

ಸಾರಾಸಿನ್ ಚಿತ್ರ ಇದಕ್ಕಿಂತ ಮರ್ಯಾದಸ್ತ. ಅಲ್ಲಿ ಕರ್ ಕರ್ ತಮ್ಮದೇ ನೆಲದಲ್ಲಿ, ತಮ್ಮದೇ ಗತಿಯಲ್ಲಿ ಓಡಾಡುತ್ತಾರೆ. ಅವರ ದೇಶದವರೇ ಅವರ ಬಗ್ಗೆ ನೆನೆಯುತ್ತಾರೆ. ಅಲಿ ಫರ್ಕಾ ತೂರೆ ಜೊತೆಗೆ ಕೂತು ನುಡಿಸುವ ಭಾಗಕ್ಕಾಗಿ ಇನ್ನೊಮ್ಮೆ ನೋಡಿದರೂ ನಷ್ಟವಿಲ್ಲ. ಇಬ್ಬರು ಹಿರಿಯರು ಯಾರನ್ನೂ ಮೆಚ್ಚಿಸಬೇಕಿಲ್ಲದಾಗ ಹೇಗೆ ನುಡಿಸುತ್ತಾರೆ ಎಂಬುದು ಅಲ್ಲಿದೆ. ಆದರೂ ಹೆಸರೇ ಹೇಳುವ ಹಾಗೆ ಚಿತ್ರದ ಮನಸ್ಸು ವಿರಹದ ಕಡೆಗಿದೆ, ಪಿಯೆರೆತ್ ಕಡೆಗಿದೆ. ದುಃಖ ನೋಡುವವರಿಗೆ ಹಿತ. ಬಾಕಿ ಹಿತವಲ್ಲ. ಸತ್ತ ಹೆಂಡತಿಯನ್ನು ಯಾರೂ ಮರಳಿಸಲಾರರು, ಆದ್ದರಿಂದ ಆ ನೋವಿನೆದುರು ನಾವು ನಿರ್ದೋಷಿಗಳಾಗಿ ಅಳಬಹುದು. ಕೊಡದ ಸಂಬಳದ ಎದುರು ಹಾಗೆ ಅಳಲಾಗುವುದಿಲ್ಲ, ಅದಕ್ಕೆ ಯಾರೋ ಜವಾಬು ಹೇಳಬೇಕಾಗುತ್ತದೆ.

ನಾವು ಊರು ಬಿಟ್ಟು ಬಂದವರು ಗಮನಿಸಲೇಬೇಕಾದ ಒಂದು ಸಂಗತಿ ಈ ಕಥೆಯ ನಡುವೆ ಇದೆ. ಹೊರಗೆ ಹೋದವರೇ, ಮರಳಿ ಬನ್ನಿ, ದೇಶ ಕಟ್ಟಿ ಎಂದು ಹಾಡಿದ ಮನುಷ್ಯ ಕಾಲು ಶತಮಾನದ ಮೇಲೆ ತಾವೇ ಹೊರಟು, ಮೊದಲು ಆಳಿದವರ ರಾಜಧಾನಿಯಲ್ಲಿ ಬೇರೆಯವರ ಕಟ್ಟಡ ಕಟ್ಟಿದರು. ಫ್ರಾನ್ಸಿಗೆ ಹೋಗುವ ಮಾಲಿ ವಲಸಿಗರಲ್ಲಿ ಬಹುಪಾಲು ಜನ ಅವರ ಕಾಯ್ ಸೀಮೆಯವರೇ. ಊರು ಹಾಡಿಗೆ ಚಪ್ಪಾಳೆ ಹೊಡೆಯಿತು, ಹಾಡಿದವನಿಗೆ ರೈಲು ಹತ್ತಿಸಿತು. ನಮ್ಮಲ್ಲಿ ಎಷ್ಟು ಜನ ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಬಂದದ್ದು ಹೀಗೇ ಅಲ್ಲವೇ? ಊರಿನ ಮೇಲೆ ಪ್ರೀತಿ ಇತ್ತು, ಊರಲ್ಲಿ ಗಳಿಕೆ ಇರಲಿಲ್ಲ. ಈ ಕಥೆ ಎಲ್ಲರಿಗಿಂತ ಮೊದಲು ನಮಗೆ ಅರ್ಥವಾಗಬೇಕಿತ್ತು.

ಅರ್ಥವಾಗಿಲ್ಲ ಎಂಬುದಕ್ಕೆ ನನ್ನದೇ ಉದಾಹರಣೆ ಕೊಡುತ್ತೇನೆ. ಕೆಲವು ವರ್ಷದ ಹಿಂದೆ ನಾನೊಂದು ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಖಜಾಂಚಿಯಾಗಿದ್ದೆ. ಬೆಳಗಾವಿ ಕಡೆಯ ಒಬ್ಬ ತತ್ವಪದದ ಹಿರಿಯರನ್ನು ಕರೆಸಿದ್ದೆವು. ಅವರು ಏಕತಾರಿ ಹಿಡಿದು ಮುಕ್ಕಾಲು ಗಂಟೆ ಹಾಡಿದರು. ಸಭಾಂಗಣದ ಬಾಡಿಗೆ ಮುಂಗಡ ಕೊಟ್ಟಾಗಿತ್ತು. ಮೈಕಿನವನಿಗೆ, ಪೆಂಡಾಲಿನವನಿಗೆ, ಹೋಳಿಗೆ ಊಟದವರಿಗೆ ಪೈಸೆ ಬಾಕಿ ಇಡಲಿಲ್ಲ. ಹಾಡಿದವರಿಗೆ ಶಾಲು, ಪೇಟ, ಹಣ್ಣಿನ ಬುಟ್ಟಿ, ಗಾಜಿನ ಸ್ಮರಣಿಕೆ. ರಾತ್ರಿ ಬಸ್ಸಿಗೆ ಬಿಡಲು ಹೋದಾಗ ಅವರು ಮೆಲ್ಲಗೆ ಅಂದರು: “ಸರ, ಹಣ್ಣು ಮೊಮ್ಮಕ್ಕಳು ತಿಂತಾವು. ಗಾಡಿ ಖರ್ಚಿಂದು ಏನರ ಮಾಡ್ತೀರೇನು?” ನನ್ನ ಜೇಬಿನಲ್ಲಿದ್ದದ್ದನ್ನು ಕೊಟ್ಟೆ. ಅದು ಸಂಭಾವನೆ ಆಗಿರಲಿಲ್ಲ, ನನ್ನ ಮುಜುಗರದ ಬೆಲೆ ಆಗಿತ್ತು. ಮಾರನೆಯ ದಿನ ನಮ್ಮವರೊಬ್ಬರು ಅವರ ಹಾಡಿನ ವಿಡಿಯೊ ಹಾಕಿದರು, ‘ಎಲೆಮರೆಯ ಕಾಯಿಯನ್ನು ನಾವು ಬೆಳಕಿಗೆ ತಂದೆವು’ ಎಂಬ ಮಾತಿನೊಂದಿಗೆ. ಸಾವಿರಾರು ಜನ ನೋಡಿದರು. ಅವರ ಊರು ಯಾವುದು, ಅವರನ್ನು ಕರೆಸಬೇಕಾದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಹಾಕಲು ಮರೆತಿದ್ದೆವು.

ಎಲೆಮರೆಯ ಕಾಯಿ! ಎಲೆ ಯಾವುದು? ಆ ಸಂಜೆ ಎಲೆ ನಾವೇ ಆಗಿದ್ದೆವು.

ಹಾಗಾಗಿ ನಾನು ಕೇಳುವುದು ದೊಡ್ಡದೇನಲ್ಲ. ಮುಂದಿನ ಸಲ ಇಂಥ ಚಿತ್ರ ನೋಡಿ ಕಣ್ಣು ತುಂಬಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಈತ ‘ಕಳೆದುಹೋಗಿದ್ದ’ ಕಾಲದಲ್ಲಿ ಈತನ ಹಾಡನ್ನು ಯಾರು ಬಳಸುತ್ತಿದ್ದರು, ಎಷ್ಟು ಕೊಟ್ಟರು? ಯಾರದೋ ಹಾಡನ್ನು ಮುಂದೆ ಕಳಿಸುವಾಗ ಹಾಡಿದವರ ಹೆಸರು, ಊರು ಸೇರಿಸಿ. ನಿಮ್ಮ ಸಂಘದ ಬಜೆಟ್ ಬರೆಯುವಾಗ ಮೊದಲ ಸಾಲಿನಲ್ಲಿ ಕಲಾವಿದರ ಸಂಭಾವನೆ ಬರೆಯಿರಿ, ಆಮೇಲೆ ಪೆಂಡಾಲು. ಹಣ ಸಾಲದಿದ್ದರೆ ಹೋಳಿಗೆ ಬಿಡಿ, ಚಿತ್ರಾನ್ನ ಮಾಡಿ. ಕವರನ್ನು ಹಾಡಿಗೆ ಮೊದಲೇ ಕೈಗೆ ಕೊಡಿ, ಬಸ್ ಸ್ಟ್ಯಾಂಡಿನಲ್ಲಿ ಅವರು ಬಾಯಿಬಿಟ್ಟು ಕೇಳುವವರೆಗೆ ಕಾಯಬೇಡಿ.

ಪ್ರತಿಭೆ ಇದ್ದರೆ ಜಗತ್ತು ಕಂಡುಹಿಡಿಯುತ್ತದೆ ಎಂದ ಗೆಳೆಯರಿಗೆ ನನ್ನ ಉತ್ತರ ಇಷ್ಟೇ. ಜಗತ್ತು ಕಂಡುಹಿಡಿದ ಒಬ್ಬರ ಚಿತ್ರ ನಾವು ನೋಡಿದೆವು. ಹೊಲಿಗೆ ಯಂತ್ರದ ಮುಂದೆಯೇ ಮುದುಕರಾದವರ ಚಿತ್ರವನ್ನು ಯಾರೂ ತೆಗೆಯುವುದಿಲ್ಲ, ಆದ್ದರಿಂದ ಅವರು ನಮ್ಮ ಲೆಕ್ಕಕ್ಕೆ ಬರುವುದಿಲ್ಲ. ಕರ್ ಕರ್ ಅವರಿಗೆ 1963ರಲ್ಲೇ ಹಾಡಿನ ಕೂಲಿ ಸಿಕ್ಕಿದ್ದರೆ ಅವರನ್ನು ಹುಡುಕುವ ಪ್ರಮೇಯವೇ ಬರುತ್ತಿರಲಿಲ್ಲ, ಈ ಚಿತ್ರವೂ ಇರುತ್ತಿರಲಿಲ್ಲ. ಅದರ ಬದಲು ನಮ್ಮ ಬಳಿ 27 ವರ್ಷದ ಹಾಡುಗಳಿರುತ್ತಿದ್ದವು. ನಾನಾದರೆ ಹಾಡುಗಳನ್ನೇ ಕೇಳುತ್ತಿದ್ದೆ.